ಮನಿ ಕೆಳಗಿನ ಪೊಳ್ಳ ಜಾಗಾದಾಗ ಮಳಿಗಾಲ ಪೂರಾ ನೀರು, ಒಣಾ ಇಡೂದು ಹೆಂಗ?

ಕೆಲಗೇರಿ ಏರು:
ಧಾರವಾಡದಾಗ ಕೆಲಗೇರಿ ಕಡೆ ಇಳಿಜಾರ ಸೈಟು ನಮ್ದು. ಮುಂದಿನ ಬಾಗಲಾ ರಸ್ತೆ ಸಮ ಐತಿ, ಹಿಂದ ಅಡಗಿಮನಿ ತನಕಾ ಬರೂದ್ರಾಗ ನೆಲಾ ನಾಕೂವರಿ ಅಡಿ ಕೆಳಗ ಇಳದಿರತೈತಿ. ಮನಿ ನಾವು ಕಟ್ಟಿಸಿದ್ದಲ್ಲ, ತಯಾರ ಇದ್ದದ್ದ ತಗೊಂಡಿದ್ದು. ಮೊದಲ ಕಟ್ಟಿದವರು ಹಿಂದಿನ ಭಾಗಕ್ಕ ಗರಸು ತುಂಬಲಾರದ ಪಿಲ್ಲರ್ ಎಬ್ಬಿಸಿ ಮ್ಯಾಲ ಸ್ಲ್ಯಾಬ್ ಹಾಕಿ ಕೆಳಗ ಹಂಗ ಪೊಳ್ಳ ಬಿಟ್ಟಾರ, ಸುತ್ತ ಕಲ್ಲಿನ ಗ್ವಾಡಿ, ಒಂದ ಸಣ್ಣ ಕಬ್ಬಿಣದ ಬಾಗಲಾ. ಒಳಗ ಬಗ್ಗಿಕೊಂಡ ಹೋಗಬೇಕು, ನಡು ಎತ್ತಾಕ ಬರೂದಿಲ್ಲ.

ಆರಿದ್ರಾ ಮಳಿ ಹಿಡೀತು ಅಂದ್ರ ಒಳಗ ನೀರು ಬರಾಕ ಚಾಲೂ. ಪಾದ ಮುಳುಗುವಷ್ಟ ನಿಂತು ದೀಪಾವಳಿ ತನಕಾ ಹಸಿ ಇರತೈತಿ. ಅಡಗಿಮನ್ಯಾಗ ಮುಗ್ಗಲ ವಾಸನಿ, ಟೈಲ್ಸ್ ಮ್ಯಾಲ ಕಾಲಿಟ್ರ ಥಂಡಿ. ನಿನ್ನಿ ಬ್ಯಾಟರಿ ಹಿಡಕೊಂಡ ಒಳಗ ಹೊಕ್ಕ ನೋಡಿದ್ರ ಸ್ಲ್ಯಾಬಿನ ತಳದಾಗ ಒಂದ ಕಡೆ ಸಿಮೆಂಟು ಉಬ್ಬೇತಿ, ಬೆರಳಲೆ ಒತ್ತಿದ್ರ ಬಿಸ್ಕೀಟ್ ಮುರದಂಗ ಮುರದ ಬಿತ್ತು, ಮ್ಯಾಲ ಕಬ್ಬಿಣದ ಸಳಿ ಕೆಂಪಗ ಕಾಣಸ್ತೈತಿ. ಗ್ವಾಡಿ ಮ್ಯಾಲ ಗೆದ್ದಲದ ಗೆರಿ ಬ್ಯಾರೆ.

ವಾಟರ್‌ಪ್ರೂಫಿಂಗ್‌ನವರು ಒಬ್ರು ಬಂದ ನೋಡಿ ಒಳಗಿಂದ ಎಲ್ಲಾ ಕೋಟಿಂಗ್ ಮಾಡ್ತೀವಿ, 1 ಲಕ್ಷ 60 ಸಾವಿರ, 10 ವರ್ಷ ಗ್ಯಾರಂಟಿ ಅಂದಾರ. ಮಾಡಸ್ಲೇನು? ಇಲ್ಲಾ ಎಲ್ಲಾ ಗರಸು ತುಂಬಿ ಬಾಗಲಾ ಮುಚ್ಚಿ ಬಿಡ್ಲೇನು? ಯಾರರೆ ಇಂಥಾದ್ದ ಮಾಡಿಸಿದವರಿದ್ರ ಹೇಳ್ರಿ.

ಗೌಂಡಿ ಮನಿತನ:
ತುಂಬಿ ಬಿಡ್ರಿ ಅಣ್ಣಾರ. ಪೊಳ್ಳ ಬಿಟ್ಟದ್ದ ತಪ್ಪು. ನಮ್ಮಪ್ಪ ಕಟ್ಟಿದ ಎಲ್ಲಾ ಮನಿಗೂ ಪಾಯಾ ಆದ ಮ್ಯಾಲ ಗರಸು ತುಂಬಿ ನೀರು ಬಿಟ್ಟು ಧಮ್ಮಸ್ ಹೊಡದ ಮ್ಯಾಲ ಫರ್ಸಿ. ಮುಗೀತು. ಹಾವಿಲ್ಲ ಚೋಳಿಲ್ಲ.

ಜಯನಗರ 4ನೇ ಬ್ಲಾಕ್:
ಸರ್ ಇದಕ್ಕೆಲ್ಲಾ ಈಗ ಒಳ್ಳೊಳ್ಳೆ ಕೆಮಿಕಲ್ ಬಂದಿದೆ. ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ನೀರು ಒಸರ್ತಾ ಇತ್ತು, ಪಿಯು ಇಂಜೆಕ್ಷನ್ (ಸೀಳಿನೊಳಗೆ ಪಾಲಿಯುರೆಥೇನ್ ಕೆಮಿಕಲ್ ಒತ್ತೋದು) ಮಾಡ್ಸಿದ್ವಿ, ನಿಂತೋಯ್ತು. ಕೊಟೇಶನ್ ಇನ್ನೊಂದೆರಡು ತಗೊಳಿ ಅಷ್ಟೇ, ಜಾಸ್ತಿ ಯೋಚನೆ ಮಾಡ್ಬೇಡಿ.

ಉಣಕಲ್ ಕೆರಿದಂಡಿ:
ಆ ಗ್ಯಾರಂಟಿ ಕಾರ್ಡ್ ಮಾತ್ರ ಒಣಾ ಜಾಗಾದಾಗ ಇಟಗೋರಿ 😀

ಸಿವಿಲ್ ಅಕ್ಕ:
ಜಯನಗರದವರಿಗೆ, ಅದು ಕಾಂಕ್ರೀಟ್ ಗೋಡೆ ಇತ್ತು, ಸೀಳು ಒಂದ್ಕಡೆ ಇತ್ತು, ಅದಕ್ಕ ಇಂಜೆಕ್ಷನ್ ಹಿಡೀತು. ಇವರದು ಕಲ್ಲಿನ ಗ್ವಾಡಿ. ಕಲ್ಲಿನ ಸಂದಿ ಸಂದಿಯಿಂದ ನೀರು ಬರತದ, ಎಷ್ಟ ಕಡೆ ಚುಚ್ಚತೀರಿ?

ಕೆಲಗೇರಿ ಅಣ್ಣಾರ, ಕೋಟಿಂಗ್ ಬಗ್ಗೆ ಈಗ ಮಾತಾಡೂದೇ ಬ್ಯಾಡ. ನೀರು ಎಲ್ಲಿಂದ ಬರಾಕತ್ತದ ಅನ್ನೂದು ಗೊತ್ತಾಗೂತನಾ ಒಂದ ರೂಪಾಯಿನೂ ಬಿಚ್ಚಬ್ಯಾಡ್ರಿ. ಹೊರಗಿಂದ ನೀರು ದಬ್ಬಾಕತ್ತಿರತದ, ನೀವು ಒಳಗಿಂದ ಪದರ ಹಚ್ಚಿದ್ರ ಆ ನೀರಿನ ಒತ್ತಡಾ ಪದರಾನ ಕಿತ್ತ ಒಗೀತದ, ಕೀಳಲಿಲ್ಲಂದ್ರ ನೀರು ಗ್ವಾಡಿ ಒಳಗ ಹಂಗ ಮ್ಯಾಲ ಏರಿ ನಿಮ್ಮ ಅಡಗಿಮನಿ ಗಿಲಾವಿನಾಗ ಉಪ್ಪಾಗಿ ಹೊರಬೀಳತದ. ಈಗ ಕೆಳಗ ಇರೂ ತ್ರಾಸು ಕಣ್ಣ ಮುಂದ ಬರತದ, ಅಷ್ಟ ಲಾಭ.

ಇವಕ್ಕ ಉತ್ತರಾ ಹೇಳ್ರಿ. ಮಳಿ ಬಂದ ಎಷ್ಟ ಹೊತ್ತಿಗೆ ನೀರು ಕಾಣತದ, ತಾಸಿನಾಗೋ ಮರುದಿನಾನೋ? ಯಾವ ಮೂಲಿಯಿಂದ ಮೊದಲ? ಸಂಪು ಎಲ್ಲಿ ಅದ? ಬಚ್ಚಲ, ಸಂಡಾಸದ ಪೈಪು ಆ ಪೊಳ್ಳಿನ ಮ್ಯಾಲೇ ಹಾದ ಹೋಗ್ಯಾವೇನು? ಮಾಳಗಿ ನೀರಿನ ಪೈಪು ಎಲ್ಲಿ ಬಿಡತಾವು? ಬ್ಯಾಸಗ್ಯಾಗ ಪೂರ್ತಿ ಒಣಗತದೇನು? ಬ್ಯಾಸಗ್ಯಾಗೂ ಹಸಿ ಇತ್ತಂದ್ರ ಅದು ಮಳಿ ನೀರಲ್ಲ, ನಿಮ್ಮ ಮನೀ ನೀರೇ.

ಕೆಲಗೇರಿ ಏರು:
ಅಕ್ಕಾರ, ಸಂಪು ಮುಂದ ಪಾರ್ಕಿಂಗ್ ಕೆಳಗ, 6 ಸಾವಿರ ಲೀಟರಿಂದು. ಬಚ್ಚಲದ ಪೈಪು ಬಾಜೂಕ, ಪೊಳ್ಳಿನ ಮ್ಯಾಲೆ ಸಿಂಕಿಂದು ಒಂದ ಅಷ್ಟ. ಜೋರ ಮಳಿ ಬಂದ್ರ ಒಂದೆರಡ ತಾಸಿನ್ಯಾಗ ಬಲಗಡೆ ಮೂಲ್ಯಾಗ ಜಿನಗಾಕ ಚಾಲೂ ಆಗತೈತಿ, ಜಿಟಿಜಿಟಿ ಮಳಿಗೆ ಮರುದಿನಾ. ಏಪ್ರಿಲ್ ಮೇದಾಗ ಪೂರಾ ಧೂಳ, ಮಣ್ಣು ಬಿರಕ ಬಿಟ್ಟಿರತೈತಿ. ಮಾಳಗಿ ಪೈಪು ನೋಡಬೇಕ್ರಿ, ಪೇವರ್ ಕೆಳಗ ಎಲ್ಲೋ ಹೋಗೇತಿ.

ಸಿವಿಲ್ ಅಕ್ಕ:
"ಎಲ್ಲೋ ಹೋಗೇತಿ" ಅನ್ನೂದ ನನಗ ಬೇಕಾಗಿತ್ತು. ಅದನ್ನ ಮೊದಲ ಹುಡುಕ್ರಿ.

ಬ್ಯಾಡಗಿ ಚೀಲ:
ನಮ್ಮ ಮೆಣಸಿನಕಾಯಿ ಗೋಡೌನ್ಯಾಗ ನೆಲಾ ಹಸಿ ಆದ್ರ ಚೀಲದ ತಳಾ ಬೂಸ್ಟ ಹಿಡದ ಬಣ್ಣಾ ಹೋಗತೈತ್ರಿ, ಬಣ್ಣಾ ಹೋದ್ರ ರೇಟೂ ಹೋತು, ಬ್ಯಾಡಗಿ ಕಾಯಿಗೆ ಬಣ್ಣಾನ ಜೀವಾ. ಅದಕ ನಾವು ಒಂದ ಪರೀಕ್ಷಾ ಮಾಡತೀವಿ, ನೀವೂ ಅಡಗಿಮನಿ ನೆಲದ ಮ್ಯಾಲ ಮಾಡ್ರಿ. ಎರಡ ಅಡಿ ಚೌಕ ದಪ್ಪ ಪ್ಲಾಸ್ಟಿಕ್ ಹಾಳಿ ನೆಲಕ್ಕ ಹಾಸಿ ನಾಕೂ ಕಡೆ ಟೇಪ್ ಬಡೀರಿ, ಒಂದ ದಿನಾ ಬಿಡ್ರಿ. ಹಾಳಿ ತಳದಾಗ ಹನಿ ಕೂತಿದ್ರ ನೆಲದಿಂದ ಹಸಿ ಏರಾಕತ್ತೈತಿ. ಹಾಳಿ ಮ್ಯಾಲ ಹನಿ ಕೂತಿದ್ರ ಗಾಳ್ಯಾಗಿನ ತೇವಾ, ಮನಿ ಒಳಗಿಂದು. ಎರಡಕ್ಕೂ ಮದ್ದ ಬ್ಯಾರೆ ಬ್ಯಾರೆ.

ಸಾಧನಕೇರಿ ಟು ಶಾರ್ಲೆಟ್:
ಕೆಲಗೇರಿ ಸುದ್ದಿ ಕೇಳಿ ಖುಷಿ ಆತು, ನೀರಿನ ಸುದ್ದಿ ಅಲ್ಲ 😅 ನಾ ಈಗ ಅಮೆರಿಕಾದ ನಾರ್ತ್ ಕ್ಯಾರೊಲಿನಾದಾಗ ಇರತೀನಿ. ಇಲ್ಲೆ ಕಟ್ಟಿಗಿ ಮನಿಗೋಳ ಕೆಳಗ ಇಂಥಾ ಜಾಗಾ ಭಾಳ ಇರತಾವ, ಕ್ರಾಲ್ ಸ್ಪೇಸ್ ಅಂತಾರ, ತೆವಕೊಂಡನ ಹೋಗಬೇಕು. ಮೊದಲಿನ ಕಾಯ್ದೆ ಪ್ರಕಾರ ಪ್ರತಿ 150 ಚದರಡಿ ನೆಲಕ್ಕ 1 ಚದರಡಿ ಗಾಳಿ ಕಿಂಡಿ ಬಿಡಬೇಕು ಅಂತಿತ್ತು, ಹಂಗ ಬಿಟ್ರು. ಆಮ್ಯಾಲ ಗೊತ್ತಾದದ್ದೇನಂದ್ರ ಇಲ್ಲಿ ಬ್ಯಾಸಗಿ ಅಂದ್ರ ಬೆವರಿನ ಬ್ಯಾಸಗಿ, ಹೊರಗಿನ ಹಸಿ ಗಾಳಿ ಕಿಂಡ್ಯಾಗಿಂದ ಒಳಗ ಬಂದು ಕೆಳಗಿನ ತಂಪ ಪೈಪಿಗೆ, ತೊಲಿಗೆ ಬಡದು ಅಲ್ಲೇ ನೀರಾಗತದ. ಕಿಂಡಿ ಇಟ್ಟದ್ದ ಒಣಗಸಾಕ, ಅದ ನೀರು ತಂದ ಹಾಕ್ತು. ಕಟ್ಟಿಗಿ ತೊಲಿಗೆಲ್ಲಾ ಬೂಸ್ಟು.

ಈಗ ಭಾಳ ಮಂದಿ ಕಿಂಡಿ ಮುಚ್ಚಿ, ನೆಲಾ ಪೂರಾ ದಪ್ಪ ಪ್ಲಾಸ್ಟಿಕ್ ಹಾಸಿ, ಅದನ್ನ ಗ್ವಾಡಿ ಮ್ಯಾಲತನಾ ಏರಿಸಿ ಅಂಟಿಸಿ, ಒಳಗೊಂದ ಡೀಹ್ಯೂಮಿಡಿಫೈಯರ್ (ಗಾಳ್ಯಾಗಿನ ಹಸಿ ಹೀರೂ ಮಷೀನು) ಇಡತಾರ. ಪ್ಲಾಸ್ಟಿಕ್ ಕಮ್ಮೀತ ಕಮ್ಮಿ 6 ಮಿಲ್, ಅಂದ್ರ 150 ಮೈಕ್ರಾನ್. ಆದ್ರ ಅದೆಲ್ಲಾ ಆಮ್ಯಾಲಿಂದು. ಮೊದಲ ನೀರು ಹೊರಗ ಹಾಕಬೇಕು. ಮನಿ ಸುತ್ತ ನೆಲಾ ಮೊದಲ 10 ಅಡಿಯೊಳಗ 6 ಇಂಚು ಇಳಿಜಾರ ಇರಬೇಕು ಅಂತ ಇಲ್ಲಿ ಕಟ್ಟೂ ನಿಯಮದಾಗನ ಬರದಾರ. ನಮ್ಮನಿದು ಮಾಡಸಾಕ ಬಂದಾವ ಮೊದಲ ಮನಿ ಸುತ್ತ ಒಂದ ಸುತ್ತ ಹಾಕಿ ಮಾಳಗಿ ಪನಾಳಿ ನೋಡಿ, ಕೆಳಗ ಇಳೀಲಾರದನ ಹೋದ.

ಗದಗ ಗಾಳಿ:
ಅಲ್ಲಿ ಪುಸ್ತಕಾ ಇಲ್ಲಿ ಓದಬ್ಯಾಡ್ರಿ. ಕಿಂಡಿ ಮುಚ್ಚಿದ್ರ ನಮ್ಮಲ್ಲಿ ಹೆಣದ ವಾಸನಿ ಬರತೈತಿ. ನಮ್ಮ ಹಳೇ ಮನಿಗೆ ಪಾಯಾದಾಗ ಬೆಕ್ಕ ಹೊಕ್ಕ ಹೊಂಡುವಷ್ಟ ದೊಡ್ಡ ಬೆಳಕಿಂಡಿ ಬಿಟ್ಟಾರ, ಕಪ್ಪತಗುಡ್ಡದ ಗಾಳಿ ಆ ಕಡೆ ಹೊಕ್ಕು ಈ ಕಡೆ ಹೊಂಡತೈತಿ, ನಾಕ ದಿನಾ ಮಳಿ ಬಂದ್ರ ಐದನೇ ದಿನಾ ಒಣಾ.

ಉಣಕಲ್ ಕೆರಿದಂಡಿ:
ಗದಗಿಗೆ ಮಳಿ ಎಲ್ಲೈತ್ರಿ, ಗಾಳಿ ಅಷ್ಟ ಐತಿ.

ಗದಗ ಗಾಳಿ:
ಅದಕ ಫ್ಯಾನ್ ಹಾಕ್ಯಾರಲ್ರಿ ಗುಡ್ಡದ ಮ್ಯಾಲ, ಕರೆಂಟು ನಿಮ್ಮೂರಿಗೂ ಬರತೈತಿ, ಸುಮ್ನ ಕುಂದರ್ರಿ.

ಸಿವಿಲ್ ಅಕ್ಕ:
ಇಬ್ರೂ ಅವರವರ ಊರಿಗೆ ಸರಿ ಇದ್ದೀರಿ. ಧಾರವಾಡ ನಡಕ ಅದ, ಮಲೆನಾಡಿನ ಸೆರಗು. ಜೂನ್‌ದಿಂದ ಸೆಪ್ಟೆಂಬರ್ ಹೊರಗಿನ ಗಾಳೀನ ಹಸಿ, ಆಗ ಕಿಂಡಿ ತಗದ್ರ ಏನೂ ಒಣಗೂದಿಲ್ಲ. ನವೆಂಬರ್ ಮುಗದ ಮ್ಯಾಲ ಮೇ ತನಕಾ ಹೊರಗಿನ ಗಾಳಿ ಒಣಾ, ಆಗ ಎದುರಾಬದುರಾ ಕಿಂಡಿ ಇದ್ರ ಪುಕ್ಕಟೆ ಒಣಗತದ. ಹಿಂಗಾಗಿ ಕಿಂಡಿ ಇರಲಿ, ಮುಚ್ಚೂ ಹಂಗ ಝಡಪಿ ಇರಲಿ, ಇಲಿ ಹಾವು ಬರಲಾರದಂಗ ಸಣ್ಣ ಕಣ್ಣಿನ ಜಾಳಗಿ ಇರಲಿ. ಅಮೆರಿಕಾದವರಿಗೆ ಕಟ್ಟಿಗಿ ಕೊಳಿಯೂ ಚಿಂತಿ, ನಮಗ ಸಳಿ ಜಂಗ ಹಿಡಿಯೂ ಚಿಂತಿ. ಸಳಿ ಜಂಗ ಹಿಡದ ಉಬ್ಬತದ, ಉಬ್ಬಿ ಕಾಂಕ್ರೀಟ್ ಒಡೀತದ, ಒಡದ ಸೀಳಿನಾಗಿಂದ ಮತ್ತ ಹಸಿ ಹೋಗತದ. ನಿಮ್ಮ ಸ್ಲ್ಯಾಬಿನಾಗ ಇದು ಚಾಲೂ ಆಗ್ಯದ, ಒಂದ ಜಾಗಾದಾಗ ಇದ್ದಾಗನ ಹಿಡೀರಿ.

ನರಗುಂದ ಕಾಕಾ:
ಒಣಾ ಇಡೂದು ಅಂದ್ರ ನಮ್ಮ ಹಿರೇರನ್ನ ಕೇಳಬೇಕು ತಮ್ಮಗೋಳಾ. ನೆಲದಾಗ ಹಗೇವು ತಗದು ಜ್ವಾಳಾ ತುಂಬಿ ವರ್ಷಗಟ್ಟಲೆ ಇಡತಿದ್ರು. ಎಲ್ಲಿ ಬೇಕಂದಲ್ಲಿ ತಗೀತಿದ್ದಿಲ್ಲ. ಊರಾಗ ಎತ್ತರದ ಜಾಗಾ, ಗಟ್ಟಿ ಗರಸಿನ ನೆಲಾ ನೋಡಿ ತಗೀತಿದ್ರು. ಬಾಯಿ ಒಬ್ಬಾಂವ ಇಳಿಯುವಷ್ಟ, ಒಳಗ ಹೊಟ್ಟಿ ದೊಡ್ಡದು. ಸುತ್ತ ಕಣಿಕಿ, ಹೊಟ್ಟು ಒತ್ತಿ ಕಟ್ಟಿ ನಡಕ ಜ್ವಾಳಾ ಸುರದು, ಮ್ಯಾಲ ಫರ್ಸಿ ಮುಚ್ಚಿ ಮಣ್ಣ ಮೆತ್ತಿ, ಮಳಿ ನೀರು ಮ್ಯಾಲ ನಿಲ್ಲಲಾರದಂಗ ದಿಬ್ಬಾ ಮಾಡತಿದ್ರು. ಆ ದಿಬ್ಬಾನ ನೋಡ್ರಿ ಮುಖ್ಯ. ಈಗ ನೀವೆಲ್ಲಾ ಇಂಗ್ಲೀಷಿನ್ಯಾಗ ಹೇಳೂದು ಅದನ್ನ.

ಮಲಪ್ರಭಾ ಕಾಲುವಿ ನೀರು ಬಂದ ಮ್ಯಾಲ ನಮ್ಮೂರಾಗ ಹೊಲದ ಬದೂಕ ಬಸಿ ನೀರು ಏರಿತು, ಹಗೇವಿನ ತಳದಾಗ ಹಸಿ ಬಂತು, ಜ್ವಾಳಾ ಕಪ್ಪಾತು, ಒಂದೊಂದ ಮುಚ್ಚಿದ್ರು. ಮ್ಯಾಲಿಂದ ಬಂದ ನೀರು ಆಗಿದ್ರ ತಡೀಬಹುದಿತ್ತು, ಕೆಳಗಿಂದ ಎದ್ದ ನೀರಿಗೆ ಯಾರ ಏನ್ ಮಾಡತಾರ?

ಇನ್ನೊಂದ ಮಾತು, ಚಾಷ್ಟಿ ಅಲ್ಲ. ಹಗೇವು ತಗದ ಕೂಡಲೆ ಯಾರೂ ಇಳೀತಿದ್ದಿಲ್ಲ. ಬಾಯಿ ತಗದು ತಾಸಗಟ್ಟಲೆ ಬಿಟ್ಟು, ಹಗ್ಗಕ್ಕ ಕಂದೀಲು ಕಟ್ಟಿ ಇಳಿಬಿಟ್ಟು, ಆರಿದ್ರ ಇಳೀಬ್ಯಾಡಾ. ಕಾಳು ಉಸರಾಡಿ ಒಳಗ ಕೆಟ್ಟ ಗಾಳಿ ತುಂಬಿರತೈತಿ, ಇಳದಾಂವ ಮ್ಯಾಲ ಬರೂದಿಲ್ಲ, ಅವನ್ನ ಎತ್ತಾಕ ಇಳದಾಂವನೂ ಬರೂದಿಲ್ಲ. ಕೆಲಗೇರಿಯಪ್ಪಾ, ನೀನೂ ಬ್ಯಾಟರಿ ಹಿಡಕೊಂಡ ಒಬ್ಬನ ಒಳಗ ಹೊಕ್ಕಬ್ಯಾಡಾ. ಬಾಗಲಾ ತಗದಿಟ್ಟು, ಹೊರಗ ಒಬ್ಬರನ್ನ ನಿಂದರಸಿ ಹೋಗು.

ಬ್ಯಾಡಗಿ ಚೀಲ:
ಕಾಕಾರ, ಹಗೇವಿನ ಜ್ವಾಳದ ರೊಟ್ಟಿಗೆ ಬ್ಯಾರೆ ವಾಸನಿ ಇರತಿತ್ತಂತಲ್ರಿ?

ನರಗುಂದ ಕಾಕಾ:
ಇರತಿತ್ತು. ಸುತ್ತಲಿನ ಕಾಳು ಸ್ವಲ್ಪ ಹುಳಿ ಹಿಡಿದಿರತಿತ್ತು, ನಡಕಿಂದು ಚಲೋ. ಬರಗಾಲದಾಗ ಅದನ್ನ ಯಾರೂ ಮೂಸಿ ನೋಡತಿದ್ದಿಲ್ಲ.

ಸಿವಿಲ್ ಅಕ್ಕ:
ಕಾಕಾ ಅವರ ಮಾತಿಗೆ ಒಂದ ಸೇರಸ್ತೀನಿ. ಕಂದೀಲು ಆರಲಿಲ್ಲ ಅಂದ ಮಾತ್ರಕ್ಕ ಎಲ್ಲಾ ಸುರಕ್ಷಿತ ಅಲ್ಲ, ಗ್ಯಾಸ್ ಸೋರಿದ್ದರ ಬೆಂಕೀನ ಅಪಾಯ. ನಿಮ್ಮ ಪೊಳ್ಳಿನ ಮ್ಯಾಲ ಅಡಗಿಮನಿ ಅದ, ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ರ ಕೆಳಗ ಇಳದ ನಿಲ್ಲತದ. ಹಿಂಗಾಗಿ ಒಳಗ ದೀಪಾ, ಬೀಡಿ ಏನೂ ಬ್ಯಾಡ. ನೀರೆತ್ತಾಕ ಡೀಸೆಲ್ ಪಂಪು ಒಳಗ ಚಾಲೂ ಮಾಡಬ್ಯಾಡ್ರಿ, ಅದರ ಹೊಗಿನೂ ಪ್ರಾಣಾ ತಗೀತದ. ಕರೆಂಟಿನ ಪಂಪಾದ್ರ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೆ ಲೈನ್ ಕಡಿಯೂ ಸ್ವಿಚ್ಚು) ಇರೂ ಲೈನಿಂದ ಕೊಡ್ರಿ, ಹಸಿ ನೆಲದಾಗ ವಾಯರ್ ಎಳದಾಡಬ್ಯಾಡ್ರಿ. ಸಾಲ್ವೆಂಟ್ ವಾಸನಿ ಇರೂ ಬಣ್ಣಾ, ಟಾರು ಬಳಿಯೂ ಕೆಲಸಾ ಅಂತೂ ಅಷ್ಟ ಸಣ್ಣ ಜಾಗಾದಾಗ ಒಬ್ಬರ ಕೈಲೇ ಮಾಡಸಬ್ಯಾಡ್ರಿ.

ಗೌಂಡಿ ಮನಿತನ:
ಇಷ್ಟೆಲ್ಲಾ ಗುಲ್ಲು ಯಾಕ್ರಿ, ಗರಸು ತುಂಬಿದ್ರ ಒಳಗ ಹೋಗೂ ಮಾತ ಇಲ್ಲ.

ಸಿವಿಲ್ ಅಕ್ಕ:
ತಮ್ಮಾ, ನಿಮ್ಮಪ್ಪಾರು ತುಂಬಿದ್ದು ಸ್ಲ್ಯಾಬ್ ಇಲ್ಲದಾಗ, ಮ್ಯಾಲಿಂದ. ಇಲ್ಲಿ ಮ್ಯಾಲ ಸ್ಲ್ಯಾಬ್ ಅದ, ಬಾಗಲಾ ಸಣ್ಣದು. ಒಳಗ ಧಮ್ಮಸ್ ಎತ್ತಿ ಹೊಡಿಯಾಕ ಜಾಗಾ ಎಲ್ಲೆ? ಬುಟ್ಟಿಲೆ ಒಗದ ಗರಸು ಸಡಲ ಇರತದ, ಎರಡ ಮಳಿಗೆ ಕುಸದ ಮ್ಯಾಲ ಮತ್ತ ಪೊಳ್ಳ. ಆ ಹಿಂದಿನ ಕಲ್ಲಿನ ಗ್ವಾಡಿ ಮಣ್ಣು ತಡಿಯಾಕ ಅಂತ ಕಟ್ಟಿದ್ದಲ್ಲ, ಬರೇ ಆಡ ಮಾಡಾಕ ಕಟ್ಟಿದ್ದು. ನಾಕ ಅಡಿ ಹಸಿ ಗರಸಿನ ಒತ್ತಡಕ್ಕ ಹೊಟ್ಟಿ ಬಿಡತದ. ನೀರಂತೂ ಎಲ್ಲೂ ಹೋಗೂದಿಲ್ಲ, ಗರಸಿನ ಒಳಗ ಕಾಣಲಾರದಂಗ ಹರೀತದ, ಸಳಿ ಜಂಗ ಹಿಡಿಯೂದೂ ಕಾಣೂದಿಲ್ಲ.

ಗೌಂಡಿ ಮನಿತನ:
ಗ್ವಾಡಿ ಮಾತ ಖರೇ ಐತಿ, ಒಪ್ಪಿದೆ. ಅದು ಎಷ್ಟ ದಪ್ಪ ಐತಿ ಅಂತ ಅವರು ಹೇಳೇ ಇಲ್ಲಲ್ಲ.

ಕೆಲಗೇರಿ ಏರು:
ಒಂದ ಅಡಿನೂ ಇಲ್ರಿ.

ಗೌಂಡಿ ಮನಿತನ:
ಹಂಗಾರ ತುಂಬಬ್ಯಾಡ್ರಿ ಮಾರಾಯ್ರ 🙏

ಉಣಕಲ್ ಕೆರಿದಂಡಿ:
ನನ್ನ ಪ್ರಶ್ನಿ ಬ್ಯಾರೆ. ನಮ್ದು ಹುಬ್ಬಳ್ಳಿ, ಅಸಲ ಎರಿ ಮಣ್ಣು. 2019ರ ಆಗಸ್ಟ್ ಮಳ್ಯಾಗ ಉಣಕಲ್ ಕೆರಿ ಕೋಡಿ ಬಿದ್ದಾಗ ನಮ್ಮ ಓಣ್ಯಾಗ ಪಾಯಾ ಸುತ್ತ ನೀರ ನಿಂತಿತ್ತು, ಮುಂದಿನ ಬ್ಯಾಸಗ್ಯಾಗ ಗ್ವಾಡಿ ಕಿಟಕಿ ಮೂಲಿಯಿಂದ ಮೂಲಿಗೆ ಸೀಳಿತು. ಒಬ್ಬರು ಮನಿ ಸುತ್ತ ಬಸಿಗಾಲುವಿ ತಗೀರಿ ಅಂತಾರ, ಮತ್ತೊಬ್ಬರು ಎರಿ ಮಣ್ಣಿನ್ಯಾಗ ಮನಿ ಬುಡಕ ಅಗದ್ರ ಹೋತು ಅಂತಾರ. ಯಾವದ ಕೇಳೂದು?

ಸಿವಿಲ್ ಅಕ್ಕ:
ಎರಡನೇದ್ದು ಕೇಳ್ರಿ. ಎರಿ ಮಣ್ಣಿನಾಗ ಮಾಂಟ್‌ಮೊರಿಲೊನೈಟ್ ಅಂತ ಜೇಡಿ ಇರತದ, ನೀರು ಕುಡದ್ರ ಉಬ್ಬತದ, ಒಣಗಿದ್ರ ಕೈ ಹೋಗುವಷ್ಟ ಬಿರಕ ಬಿಡತದ. ಅಲ್ಲಿ ನೀರಿಗಿಂತ ಹಸಿ ಒಣದ ಏರುಪೇರು ಕೆಟ್ಟದ್ದು. ಬುಡದಾಗ ಬಸಿಗಾಲುವಿ ತಗದ್ರ ಒಂದ ಕಡೆ ಜಲ್ದಿ ಒಣಗಿ ಆ ಕಡೆ ಪಾಯಾ ಕುಗ್ಗತದ. ನಿಮಗ ಬೇಕಾದ್ದು ಮನಿ ಸುತ್ತ ಕಮ್ಮೀತ ಕಮ್ಮಿ 3 ಅಡಿ ಅಗಲ ಕಾಂಕ್ರೀಟ್ ಪಟ್ಟಿ, ಹೊರಗಡೆ ಇಳಿಜಾರ, ಗ್ವಾಡಿ ಕೂಡೂ ಸಂದಿ ಡಾಂಬರಲೆ ಮುಚ್ಚಿದ್ದು. ಗ್ವಾಡಿ ಬುಡಕ ಮಲ್ಲಿಗಿ, ಕರಿಬೇವು ಹಚ್ಚಿ ದಿನಾ ನೀರು ಸುರಿಯೂದು ಬಂದ್. ಹೊಸದಾಗಿ ಕಟ್ಟೂರಿದ್ರ ಅಂಡರ್‌ರೀಮ್ಡ್ ಪೈಲ್ ಹಾಕಸ್ರಿ. ಅದು ನೆಲದಾಗ ಇಳಿಸೂ ಕಾಂಕ್ರೀಟ್ ಕಂಬ, ತಳದಾಗ ಗಡ್ಡಿಯಂಗ ದಪ್ಪ ಇರತದ, ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಸಿಬಿಆರ್‌ಐದವರು ಇಂಥಾ ಮಣ್ಣಿಗೆ ಅಂತನ ಬೆಳಸಿದ್ದು. ಮಣ್ಣು ಉಬ್ಬಿ ಕುಗ್ಗೂ ಪದರದ ಕೆಳಗ, ಸಾಮಾನ್ಯ ಮೂರೂವರಿ ಮೀಟರಿನ ಸುತ್ತ, ಹೋಗಿ ಕೂಡತದ.

ಕೆಲಗೇರಿ ಕಡೆ ಹಂಗಲ್ಲ. ಮ್ಯಾಲ ಕೆಂಪ ಮಣ್ಣು, ಕೆಳಗ ಧಾರವಾಡ ಶಿಸ್ಟ್. ಭೂಗರ್ಭಶಾಸ್ತ್ರದಾಗ ನಮ್ಮೂರ ಹೆಸರಲೇ ಓದತಾರ ಆ ಕಲ್ಲನ್ನ. ಮಳಿ ನೀರು ಮಣ್ಣಿನಾಗ ಇಳದು, ಗಟ್ಟಿ ಪದರಕ್ಕ ಬಡದು, ಅದರ ಮ್ಯಾಲ ಜಾರಿಕೋತ ಇಳಿಜಾರದ ಕಡೆ ಬರತದ. ಪೊಳ್ಳ ತಗಿಯಾಕ ನೆಲಾ ಕಡದ ಜಾಗಾದಾಗ ಹೊರಬೀಳತದ. ಜಿಟಿಜಿಟಿ ಮಳಿಗೆ ಮರುದಿನಾ ನೀರು ಬರೂದು ಇದರಿಂದ ಇರಬಹುದು. ಜೋರ ಮಳಿಗೆ ಎರಡ ತಾಸಿನಾಗ ಬರೂದು ಮಾತ್ರ ಮಣ್ಣಿನಾಗಿಂದ ಇಷ್ಟ ಜಲ್ದಿ ಆಗೂದಲ್ಲ, ಅದು ಎಲ್ಲೋ ಪೈಪಿನಾಗಿಂದ ಬರಾಕತ್ತದ.

ಕೆಲಗೇರಿ ಏರು:
ಅಪ್‌ಡೇಟ್. ಅಕ್ಕಾರ ಹೇಳಿದಂಗ ಮಾಡಿದೆ. ಸಂಪಿನ ಒಳಗ ಖಡುವಿಲೆ ಗೆರಿ ಹಾಕಿ ಮೋಟರ್ ಬಂದ್ ಇಟ್ಟು ರಾತ್ರಿ ಬಿಟ್ಟೆ, ಬೆಳಿಗ್ಗಿ ನೀರು ಗೆರಿಗೇ ಇತ್ತು, ಸಂಪು ಪಾಸು. ಸಿಂಕಿನ್ಯಾಗ ಬಟ್ಟಿಗೆ ಹಾಕೂ ನೀಲಿ ಸುರದ ನೀರು ಬಿಟ್ಟೆ, ಕೆಳಗ ಒಂದ ಹನಿ ನೀಲಿ ಬರಲಿಲ್ಲ, ಅದೂ ಪಾಸು.

ಆಮ್ಯಾಲ ಮಾಳಗಿ ಮ್ಯಾಲ ಹೋಗಿ ಪನಾಳಿ ಬಾಯಾಗ ಒಂದ ಕೊಡ ನೀಲಿ ನೀರು ಸುರದೆ. ಬಲಗಡೆ ಪೈಪು ಕೆಳಗ ಇಳದ ಪೇವರ್ ಕೆಳಗ ಹೋಗತೈತಿ ಅಂತ ಮಾಡಿದ್ದೆ. ಪೇವರ್ ನಾಕ ಕಿತ್ತ ನೋಡಿದ್ರ ಪೈಪು ಅಲ್ಲೇ ಮುಗದೈತಿ! ಮುಂದ ಗಟಾರಿಗೆ ಕೂಡಿಸೇ ಇಲ್ಲ, ಮಣ್ಣಿನ್ಯಾಗ ಬಿಟ್ಟು ಮ್ಯಾಲ ಪೇವರ್ ಹಾಸಿ ಚಂದ ಮಾಡ್ಯಾರ. ಅರ್ಧಾ ತಾಸಿನ್ಯಾಗ ಪೊಳ್ಳಿನ ಬಲಗಡೆ ಮೂಲ್ಯಾಗ ನೀಲಿ ಇಳೀತ್ರಿ. ನಮ್ಮ ಹುಡುಗ ಕುಣದಾಡಿದ.

ಸಾಧನಕೇರಿ ಟು ಶಾರ್ಲೆಟ್:
ಮತ್ತ ನಾ ಏನ ಹೇಳಿದ್ನಿ!

ಗದಗ ಗಾಳಿ:
ನೀ ಪ್ಲಾಸ್ಟಿಕ್ ಹಾಸ್ರಿ ಅಂತ ಹೇಳಿದ್ದಿ.

ಸಿವಿಲ್ ಅಕ್ಕ:
ಭೇಷ್. ಲೆಕ್ಕಾ ಹಾಕ್ರಿ, 1200 ಚದರಡಿ ಮಾಳಗಿ ಮ್ಯಾಲ 1 ಇಂಚು ಮಳಿ ಬಿದ್ರ ಸುಮಾರು 2800 ಲೀಟರ್ ನೀರು. ಅದರಾಗ ಅರ್ಧಾ ಆ ಪೈಪಿಗೆ ಬಂದ್ರೂ ಒಂದ ಮಳಿಗೆ 1400 ಲೀಟರ್ ನಿಮ್ಮ ಅಡಗಿಮನಿ ಬುಡಕ. 1 ಲಕ್ಷ 60 ಸಾವಿರದ ಕೋಟಿಂಗ್ ಈ ನೀರಿನ ಎದುರು ನಿಂದರಬೇಕಿತ್ತು. ಈಗ 4 ಇಂಚಿನ ಪೈಪ್ ಒಂದಿಷ್ಟು, ಬೆಂಡು, ಪ್ಲಂಬರ್ ಕೂಲಿ. ಒಂದ ಮಾತು, ಒಳಚರಂಡಿಗೆ ಕೂಡಿಸಬ್ಯಾಡ್ರಿ, ಮಳಿ ನೀರು ಅದರಾಗ ಬಿಟ್ರ ಮ್ಯಾನ್‌ಹೋಲ್ ಉಕ್ಕತದ. ಗಟಾರಿಗೆ ಬಿಡ್ರಿ, ಇಲ್ಲಾ ಫಿಲ್ಟರ್ ಹಾಕಿ ಸಂಪಿಗೆ ತಗೋರಿ.

ಬ್ಯಾಡಗಿ ಚೀಲ:
ಸಂಪಿಗೆ ತಗೋರಿ. ನಳದ ನೀರಿನ ದಾರಿ ಕಾಯೂ ಊರಾಗ ಮಳಿ ನೀರು ಗಟಾರಿಗೆ ಬಿಡೂದು ಪಾಪ. ಮೊದಲ ಮಳಿ ನೀರು ಮಾತ್ರ ಹೊರಗ ಬಿಡಾಕ ಒಂದ ವಾಲ್ವ್ ಇಡಸ್ರಿ, ಮಾಳಗಿ ಮ್ಯಾಲಿನ ಪಾರಿವಾಳದ್ದೆಲ್ಲಾ ಅದರಾಗ ಹೋಗಲಿ.

ಜಯನಗರ 4ನೇ ಬ್ಲಾಕ್:
ಹಾಗಾದ್ರೆ ವಾಟರ್‌ಪ್ರೂಫಿಂಗ್ ಬೇಡ್ವೇ ಬೇಡ್ವಾ? ಗೆದ್ದಲು, ಸ್ಲ್ಯಾಬು ಎಲ್ಲಾ?

ಸಿವಿಲ್ ಅಕ್ಕ:
ಬೇಕ್ರಿ, ಕಡೀಕ. ಪೈಪು ಕೂಡಿಸಿ ಒಂದ ಜೋರ ಮಳಿ ನೋಡಿದ ಮ್ಯಾಲ. ಜಿಟಿಜಿಟಿ ಮಳಿ ನೀರು ಇನ್ನೂ ಬರತದ ಅಂತ ನನ್ನ ಅಂದಾಜು, ಅದಕ್ಕ ಮುಂದ ಪಾರ್ಕಿಂಗ್ ಅಗಿಯೂ ಜರೂರಿಲ್ಲ. ಸೈಟು ಇಳಿಜಾರ ಇದ್ದದ್ದ ಇಲ್ಲಿ ನಿಮ್ಮ ಪುಣ್ಯ, ಪಂಪ್ ಬ್ಯಾಡ, ನೀರು ತಾನ ಹೊರಗ ಹೋಗತದ. ಒಳಗ, ಏರಿನ ಕಡೆ ಗ್ವಾಡಿ ಗುಂಟ ಒಂದ ಸಣ್ಣ ಬಸಿಗಾಲುವಿ ತಗೀರಿ, ಒಂದೂಕಾಲ ಅಡಿ ಅಗಲ, ಒಂದ ಅಡಿ ಆಳ. ಪಿಲ್ಲರ್ ಪಾಯಾದ ಬುಡಕ ಮಾತ್ರ ಗುದ್ದಲಿ ಹಾಕಬ್ಯಾಡ್ರಿ, ದೂರ ಸರದ ಹೋಗ್ರಿ. ಜಿಯೊಟೆಕ್ಸ್‌ಟೈಲ್ ಬಟ್ಟಿ (ನೀರು ಬಿಟ್ಟು ಮಣ್ಣು ತಡಿಯೂದು) ಹಾಸಿ, ತೂತಿನ ಪೈಪ್ ಇಟ್ಟು, ತೂತು ಕೆಳಮುಖ ಮಾಡಿ, ಸುತ್ತ 20 ಎಂಎಂ ಖಡಿ. ತೂತು ಮ್ಯಾಲ ಮಾಡಿದ್ರ ಕಾಲುವಿ ಅರ್ಧಾ ತುಂಬಿದ ಮ್ಯಾಲೇ ನೀರು ಪೈಪಿಗೆ ಹೋಗತದ, ಭಾಳ ಗೌಂಡಿಗೋಳು ಉಲ್ಟಾ ಇಡತಾರ. 100 ಅಡಿಗೆ 1 ಅಡಿ ಇಳಿಜಾರ ಸಾಕು.

ಆಮ್ಯಾಲ ನೆಲಕ್ಕ 4 ಇಂಚು ಖಡಿ, ಮ್ಯಾಲ 1000 ಗೇಜಿನ (250 ಮೈಕ್ರಾನ್) ಪ್ಲಾಸ್ಟಿಕ್, ಹಾಳಿ ಮ್ಯಾಲ ಹಾಳಿ ಒಂದ ಅಡಿ ಬರಬೇಕು, ಗ್ವಾಡಿ ಮ್ಯಾಲ ಅರ್ಧಾ ಅಡಿ ಏರಬೇಕು, ಅದರ ಮ್ಯಾಲ ತೆಳುವ ಕಾಂಕ್ರೀಟ್. ಮಣ್ಣಿನ ಹಸಿ ದೊಡ್ಡ ಖಡಿ ನಡು ಏರೂದಿಲ್ಲ, ಏರಿದ ಆವಿ ಪ್ಲಾಸ್ಟಿಕ್ ತಡೀತದ. ಶಾರ್ಲೆಟ್‌ದವರಿಗೆ ಖುಷಿ ಆಗಲಿ.

ಸ್ಲ್ಯಾಬ್ ಪೂರಾ ಒಣಗಿದ ಮ್ಯಾಲ ಮುಟ್ಟಬೇಕು, ಬ್ಯಾಸಗ್ಯಾಗ. ಸುತ್ತ ಸಡಲ ಆದದ್ದ ಕುಟ್ಟಿ ನೋಡಿ ತಗದು, ಸಳಿ ಹಿಂದಿನ ತನಕಾ ಬಿಡಿಸಿ, ತಂತಿ ಬ್ರಶ್‌ಲೆ ಬೆಳ್ಳಗ ಆಗೂತನಾ ತಿಕ್ಕಿ, ಜಂಗ ತಡಿಯೂ ಪ್ರೈಮರ್ ಹಚ್ಚಿ, ಪಾಲಿಮರ್ ಕಲಸಿದ ಸಿಮೆಂಟ್ ಗಾರಿ ಒತ್ತಬೇಕು. ಸಳಿ ತಿಂದ ಸಣ್ಣ ಆಗಿದ್ರ ಮಾತ್ರ ಸ್ಟ್ರಕ್ಚರಲ್ ಇಂಜಿನಿಯರ್ ಕರಸ್ರಿ, ಫೋಟೋ ನೋಡಿ ನಾ ಹೇಳೂದಿಲ್ಲ. ಗೆದ್ದಲಕ್ಕ ಈಗ ಔಷಧ ಹೊಡದ್ರ ಹಸ್ಯಾಗ ದುಡ್ಡು ಸುರದಂಗ, ಒಣಗಿದ ಮ್ಯಾಲ ಹೊಡಸ್ರಿ.

ಗೌಂಡಿ ಮನಿತನ:
ಪೈಪಿನ ತೂತಿನ ಮಾತಿಗೆ ಅಕ್ಕಾರಿಗೆ ನಂದೊಂದ ಸಲಾಂ. ನಾವೂ ಮ್ಯಾಲ ಮಾಡಿ ಇಡೂದು ನೋಡೀನಿ.

ನರಗುಂದ ಕಾಕಾ:
ಒಳಗಿನ ನೀರು ಹೊರಗ ಬಂತು, ಸರಿ. ಹೊರಗ ಬಂದ ನೀರು ಯಾರ ಹಿತ್ತಲಕ್ಕ ಹೋಗತೈತಿ?

ಕೆಲಗೇರಿ ಏರು:
ಅದ ಈಗ ಜಗಳಾ ಕಾಕಾ. ಪನಾಳಿ ಪೈಪು ಮುಂದ ಗಟಾರಿಗೆ ಕೂಡಿಸೀನಿ, ಮೊನ್ನೆ ಜೋರ ಮಳ್ಯಾಗ ಮೂಲ್ಯಾಗ ನೀರ ಬರಲಿಲ್ಲ, ಮರುದಿನಾ ಗ್ವಾಡಿ ಬುಡಕ ಒಂದ ಗೆರಿ ಹಸಿ ಮಾತ್ರ ಇತ್ತು. ಬಸಿಗಾಲುವಿ ತಗಿಯೂದ ನಕ್ಕಿ. ಆದ್ರ ಹಿಂದ ಕೆಳಗಿನ ಮನಿ ಮಾಮಾರು "ನಿಮ್ಮ ನೀರು ನಮ್ಮ ಕಂಪೌಂಡಿಗೆ ಬಿಟ್ರ ನಾ ಪೈಪಿಗೆ ಬೆಣಿ ಬಡೀತೇನಿ" ಅಂತ ಕುಂತಾರ. ಇಷ್ಟ ದಿನಾ ಅದ ನೀರು ನೆಲದ ಒಳಗಿಂದ ಅವರಿಗೆ ಹೋಗಾಕತ್ತಿತ್ತು, ಅದನ್ನ ಹೇಳಿದ್ರ ಕೇಳವಲ್ರು.

ಗದಗ ಗಾಳಿ:
ಹೇಳಬ್ಯಾಡ್ರಿ, ಹೇಳಿದ್ರ ಅವರ ಗ್ವಾಡಿ ಹಸಿ ಆದದ್ದಕ್ಕೂ ನಿಮ್ಮಿಂದ ವಸೂಲ ಮಾಡತಾರ.

ಉಣಕಲ್ ಕೆರಿದಂಡಿ:
ಪೈಪು ಬಾಜೂಕ ತಿರಗಿಸಿ ನಿಮ್ಮ ಸೆಟ್‌ಬ್ಯಾಕ್‌ನ್ಯಾಗನ (ಮನಿ ಕಂಪೌಂಡ್ ನಡುವಿನ ಖಾಲಿ ಜಾಗಾ) ಒಂದ ಇಂಗು ಗುಂಡಿ ಮಾಡ್ರಿ.

ಸಿವಿಲ್ ಅಕ್ಕ:
ಇಂಗು ಗುಂಡಿ ಮನಿ ಪಾಯಾಕ್ಕಾಗಲಿ, ಅವರ ಕಂಪೌಂಡಿಗಾಗಲಿ ಅಂಟಿ ಬ್ಯಾಡ, ಮತ್ತ ಅದ ಕಥಿ ಆಗತದ. ಆ ಬಾಜೂ ಓಣಿ ಗಟಾರ ನಿಮ್ಮ ಪೊಳ್ಳಿನ ನೆಲಕ್ಕಿಂತ ತಗ್ಗಿನಾಗ ಅದನೋ ಇಲ್ಲೋ ನೋಡ್ರಿ, ಪಾರದರ್ಶಕ ನಳಿಗಿ ನೀರು ತುಂಬಿ ಎರಡೂ ಕಡೆ ಹಿಡದ್ರ ಲೆವಲ್ ಗೊತ್ತಾಗತದ. ತಗ್ಗಿನಾಗ ಇದ್ರ ಅಲ್ಲಿಗೆ ಒಯ್ಯರಿ, ಮಾಮಾರ ಜೋಡಿ ಮಾತ ಬೇಕಾಗೂದಿಲ್ಲ.

ಕೆಲಗೇರಿ ಏರು:
ನಳಿಗಿ ಹಿಡದ ನೋಡಿದೆ, ಗಟಾರ ಪೊಳ್ಳಿನ ನೆಲಕ್ಕಿಂತ ಒಂದ ಅಡಿ ಒಂದ ಗೇಣು ತಗ್ಗಿನ್ಯಾಗ ಐತಿ, ದೂರ 30 ಅಡಿ. ಸಾಕಾಗತೈತಿ ಅಲ್ಲರಿ? ಹಂಗಾರ ಖಡಿ ಎಷ್ಟ ತರಸಲಿ? ಪೊಳ್ಳ ಜಾಗಾ 30 ಅಡಿ ಉದ್ದ, 12 ಅಡಿ ಅಗಲ ಐತಿ.

ಸಿವಿಲ್ ಅಕ್ಕ:
ಇಳಿಜಾರ ಕೂಡತದ, ಕಾಲುವಿ ತಳಾನೂ ಹಿಡಕೊಂಡ ಲೆಕ್ಕಾ ಹಾಕಿದ್ರೂ ಉಳೀತದ. ಖಡಿ, ನೆಲಕ್ಕ 120 ಘನ ಅಡಿ, ಕಾಲುವಿಗೆ 40ರ ಹತ್ತಿರ. 2 ಬ್ರಾಸ್ (ಒಂದ ಬ್ರಾಸ್ ಅಂದ್ರ 100 ಘನ ಅಡಿ) ಹೇಳ್ರಿ, ಉಳದದ್ದು ಮುಂದ ಪೈಪ್ ಮುಚ್ಚಾಕ ಬರತದ. ಟ್ರ್ಯಾಕ್ಟರ್‌ನಾಂವ ಬ್ರಾಸ್ ಅಂದು ಮುಕ್ಕಾಲ ತುಂಬಿರತಾನ, ಇಳಸೂ ಮೊದಲ ಟ್ರೇಲರ್ ಅಳದ ನೋಡ್ರಿ.